ಹುಳಕ್ಕಾಗಿ ಒಡೆದ ಗೋಡೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲೂ ಗಾಳಿ ಅಳೆಯುವ ಯಂತ್ರ ಇತ್ತು ಎಂದರೆ ನನ್ನ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಅವರ ಹತ್ತಿರ ಇರುವುದು ಒಂದೇ ಒಂದು. ನಮ್ಮ ಹತ್ತಿರ ಸಾವಿರಾರು ಇದ್ದವು. ಅವಕ್ಕೆ ಕರೆಂಟು ಬೇಕಿರಲಿಲ್ಲ, ಸೊಪ್ಪು ಬೇಕಿತ್ತು. ಬೆಳ್ಳಗೆ, ತಣ್ಣಗೆ, ಕಿರುಬೆರಳಿನಷ್ಟು ಉದ್ದ. ಗಾಳಿ ಚೆನ್ನಾಗಿದ್ದರೆ ತಲೆ ತಗ್ಗಿಸಿ ಮೇಯುತ್ತವೆ, ಕೆಟ್ಟರೆ ತಲೆ ಎತ್ತಿ ಸುಮ್ಮನಾಗುತ್ತವೆ ಎಂದು ಅಪ್ಪ ನಂಬಿದ್ದ. ನಾನು ಹೇಳುತ್ತಿರುವುದು ರೇಷ್ಮೆಹುಳದ ವಿಷಯ.

ನಮ್ಮದು ಮದ್ದೂರು ತಾಲ್ಲೂಕು, ಚಿಕ್ಕರಸಿನಕೆರೆಗೆ ನಡೆದೇ ಹೋಗಬಹುದಾದಷ್ಟು ಹತ್ತಿರದ ಹಳ್ಳಿ. ಕಬ್ಬು, ಭತ್ತ ಬೆಳೆದುಕೊಂಡಿದ್ದ ಅಪ್ಪ ಆ ವರ್ಷ ಯಾರದೋ ಮಾತು ಕೇಳಿ ಬಾವಿ ಪಕ್ಕದ ಹೊಲಕ್ಕೆ ಹಿಪ್ಪುನೇರಳೆ ಹಾಕಿದ, ಮೊದಲ ಸಲ ಹುಳ ತಂದ. ಹುಳಕ್ಕೆಂದು ಬೇರೆ ಮನೆ ಕಟ್ಟುವಷ್ಟು ಅನುಕೂಲ ನಮಗಿರಲಿಲ್ಲ. ಇರುವ ಮನೆಯನ್ನೇ ಹಂಚಿಕೊಂಡೆವು. ನಡುಮನೆ ಹುಳಕ್ಕೆ, ಜಗುಲಿ ನಮಗೆ, ಕೊಟ್ಟಿಗೆ ದನಕ್ಕೆ.

ಹುಳ ಬರುವ ಮುಂಚೆ ಆ ನಡುಮನೆಗೆ ಆದ ಉಪಚಾರ ನೋಡಬೇಕಿತ್ತು. ತೊಲೆಯಿಂದ ಜೋತಾಡುತ್ತಿದ್ದ ಇಲ್ಲಣವನ್ನೆಲ್ಲ ಅಪ್ಪ ಉದ್ದ ಕೋಲಿಗೆ ಪೊರಕೆ ಕಟ್ಟಿ ಬಳಿದ. ಗೋಡೆಗೆ ಎರಡು ಸಲ ಸುಣ್ಣ. ನೆಲಕ್ಕೆ ಔಷಧಿ. ರಾಗಿಮೂಟೆ ಅಡ್ಡ ಇಟ್ಟು ವರ್ಷಗಟ್ಟಲೆ ಮುಚ್ಚಿದ್ದ ಎರಡು ಕಿಟಕಿಗಳ ಬಾಗಿಲು ತೆಗೆದಾಗ ಅವು ಕಿರ್ರೋ ಎಂದು ಕಿರುಚಿದವು, ಒಳಗಿದ್ದ ಹಲ್ಲಿಗಳು ಬೆಳಕು ಕಂಡು ದಿಕ್ಕೆಟ್ಟು ಓಡಿದವು. ಅಜ್ಜಿ ಜಗುಲಿಯಲ್ಲಿ ಕೂತು ಎಲೆಗೆ ಸುಣ್ಣ ಸವರಿಕೊಳ್ಳುತ್ತಾ ಎಲ್ಲ ನೋಡಿದಳು. ಕೊನೆಗೆ, “ನಾನು ಈ ಮನೆಗೆ ಸೊಸೆಯಾಗಿ ಬಂದಾಗ್ಲೂ ಗೋಡೆಗೆ ಸುಣ್ಣ ಬಳೀನಿಲ್ಲ ಕಣ್ಲಾ. ಉಳಕ್ ಬಳುದ್ಯಲ್ಲ, ನಿನ್ ಒಟ್ಟೆ ತಣ್ಣಗಿರ್ಲಿ” ಅಂದಳು. ಅದು ಹರಕೆಯೋ ಶಾಪವೋ ಅಪ್ಪನಿಗೂ ಗೊತ್ತಾಗಲಿಲ್ಲ.

ಆಮೇಲೆ ಬಂದವು ಕಾನೂನುಗಳು. ಮನೆಯೊಳಗೆ ಬೀಡಿ ಇಲ್ಲ. ದೇವರಿಗೆ ಊದುಬತ್ತಿ ಇಲ್ಲ, ಬರಿ ಹೂವು. ಒಣಮೆಣಸಿನಕಾಯಿ, ಇಂಗಿನ ಒಗ್ಗರಣೆ ಇಲ್ಲ. ಅಜ್ಜಿಯ ಕಡ್ಡಿಪುಡಿ, ಅಂದರೆ ಎಲೆಯಡಿಕೆ ಜೊತೆ ಹಾಕಿಕೊಳ್ಳುವ ಹೊಗೆಸೊಪ್ಪು, ಹೊಸಲು ದಾಟುವಂತಿಲ್ಲ. ಒಳಗೆ ಹೋಗುವವರು ಕಾಲು ತೊಳೆದೇ ಹೋಗಬೇಕು. ಬಾಗಿಲಲ್ಲಿ ಒಂದು ಬಕೆಟ್ಟು ನೀರು ಇಟ್ಟು ನನ್ನನ್ನು ಕಾವಲಿಗೆ ಕೂರಿಸಿದ್ದರು. ಎಂಟು ವರ್ಷದವನಿಗೆ ಅಧಿಕಾರ ಸಿಕ್ಕಿದರೆ ಏನಾಗುತ್ತದೋ ಅದೇ ಆಯಿತು. ಹಿಮ್ಮಡಿ ಸರಿಯಾಗಿ ನೆಂದಿಲ್ಲ ಎಂದು ಅಜ್ಜಿಯನ್ನು ನಾನು ದಿನಕ್ಕೆ ಮೂರು ಸಲವಾದರೂ ವಾಪಸ್ಸು ಕಳಿಸುತ್ತಿದ್ದೆ.

ಈ ಸಂಭ್ರಮದಲ್ಲಿ ಯಾರೂ ಕಣ್ಣೆತ್ತಿ ನೋಡದೆ ಉಳಿದದ್ದು ಅಡುಗೆಕೋಣೆ. ಅದಕ್ಕೆ ಕಿಟಕಿಯೇ ಇರಲಿಲ್ಲ. ಹಗಲಲ್ಲೂ ಕತ್ತಲೆ. ಸೂರಿಗೆ ಒಂದು ಗಾಜಿನ ಹೆಂಚು ಹಾಕಿದ್ದರಂತೆ, ಅದು ಮಸಿ ಹಿಡಿದು ಉಳಿದ ಹೆಂಚುಗಳ ಹಾಗೇ ಆಗಿತ್ತು. ಒಲೆಗೆ ಕಬ್ಬಿನ ತರಗು, ತೆಂಗಿನ ಮಟ್ಟೆ, ಬೆರಣಿ, ಸಿಕ್ಕಿದ್ದೆಲ್ಲ ಹೋಗುತ್ತಿತ್ತು. ಹೊಗೆಗೆ ಹೋಗಲು ದಾರಿ ಇಲ್ಲದೆ ಅದೂ ನಮ್ಮ ಹಾಗೆ ಮನೆಯಲ್ಲೇ ಸಂಸಾರ ಹೂಡಿತ್ತು.

ಅಮ್ಮ ಆಗ ಬಾಣಂತನಕ್ಕೆ ಮಳವಳ್ಳಿಯ ತವರಿಗೆ ಹೋಗಿದ್ದಳು. ಹದಿನಾಲ್ಕು ವರ್ಷದ ಅಕ್ಕನೇ ಅಡುಗೆ ಮಾಡುತ್ತಿದ್ದಳು. ಬೆಳಿಗ್ಗೆ ಊದುಕೊಳವೆ ಹಿಡಿದು ಒಳಗೆ ಹೋದವಳು ಹೊರಗೆ ಬರುವಾಗ ಯಾರೋ ಹೊಡೆದು ಕಳಿಸಿದವಳ ಹಾಗೆ ಕಣ್ಣು ಒರೆಸಿಕೊಳ್ಳುತ್ತಾ ಬರುತ್ತಿದ್ದಳು. ಇನ್ನೆರಡು ವಾರಕ್ಕೆ ಅಮ್ಮ ಕೂಸಿನ ಜೊತೆ ಬರುವವಳಿದ್ದಳು. ನಮ್ಮಲ್ಲಿ ತೊಟ್ಟಿಲು ಕಟ್ಟುವುದು ಅಡುಗೆಕೋಣೆಯ ತೊಲೆಗೇ, ಬೆಚ್ಚಗಿರುತ್ತದೆ ಎಂದು. ನಾನೂ ಅಲ್ಲೇ ತೂಗಿಸಿಕೊಂಡು ಮೂರು ವರ್ಷ ಕೆಮ್ಮಿದವನಂತೆ. ಅಕ್ಕನಿಗೆ ಅದು ಚೆನ್ನಾಗಿ ನೆನಪಿತ್ತು. “ಕೂಸು ಬರೋದ್ರೊಳ್ಗೆ ಇಲ್ಲೊಂದು ಕಿಟ್ಕಿ ಆಗ್ಬೇಕು ಕಣ್ಲಾ” ಎಂದು ನನ್ನ ಹತ್ತಿರ ಹೇಳುತ್ತಿದ್ದಳು.

ಅಪ್ಪನನ್ನೂ ಮೂರು ಸಲ ಕೇಳಿದಳು. ಮೊದಲ ಸಲ ಅಪ್ಪ, ಮಣ್ಣಿನ ಗೋಡೆ, ಕುಸಿದುಬಿಡುತ್ತದೆ ಅಂದ. ಎರಡನೇ ಸಲ, ಕಳ್ಳ ನುಗ್ಗುತ್ತಾನೆ ಅಂದ. ಮೂರನೇ ಸಲ, ಒಲೆ ಇರುವ ಮೂಲೆಗೆ ತೂತು ಮಾಡಿದರೆ ಮನೆಗೆ ಏಳಿಗೆ ಇಲ್ಲ ಅಂದ. ಗೋಡೆ ಒಂದೇ, ನೆಪ ಮೂರು. ಅಕ್ಕ ಮತ್ತೆ ಕೇಳಲಿಲ್ಲ. ಅವಳು ಕೇಳದೆ ಸುಮ್ಮನಾದರೆ ಏನೋ ಯೋಚನೆ ಮಾಡುತ್ತಿದ್ದಾಳೆ ಎಂದೇ ಅರ್ಥ. ಅಪ್ಪನಿಗೆ ಆ ಅರ್ಥ ಆಗುತ್ತಿರಲಿಲ್ಲ.

ಇನ್ನು ಆ ದಿನದ ಕಥೆ. ಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ಆಗ ಹಳೇ ಚರ್ಮ ಕಳಚಿ ಹೊಸದು ಬರುತ್ತದೆ. ಇದನ್ನು ನಮ್ಮ ಕಡೆ ಹುಳದ ಜ್ವರ ಎನ್ನುತ್ತಾರೆ. ಮೊದಲ ಮೂರು ಜ್ವರ ಒಂದೊಂದು ದಿನದಲ್ಲಿ ಮುಗಿದಿದ್ದವು. ನಾಲ್ಕನೆಯದಕ್ಕೆ ಕೂತ ಹುಳಗಳು ಅವತ್ತು ಬೆಳಿಗ್ಗೆ ಏಳಬೇಕು ಎಂದು ಅಪ್ಪ ನಂಬಿಕೊಂಡು, ಕೋಳಿ ಕೂಗುವ ಮುಂಚೆಯೇ ಸೊಪ್ಪು ತಂದು ಕಾದು ಕೂತ.

ಹುಳ ಏಳಲಿಲ್ಲ. ಬಿದಿರಿನ ತಟ್ಟೆಗಳಲ್ಲಿ ಸಾಲುಸಾಲಾಗಿ ತಲೆ ಎತ್ತಿಕೊಂಡು ಕೂತೇ ಇದ್ದವು. ಬಿಸಿಲು ಜಗುಲಿ ಹತ್ತಿತು, ಆಗಲೂ ಏಳಲಿಲ್ಲ. ಅಪ್ಪನ ಮುಖ ಬಾಡಿತು. ಅಷ್ಟು ದಿನ ನಿದ್ದೆಗೆಟ್ಟು ಸಾಕಿದ ಹುಳ ಕೈಬಿಟ್ಟರೆ ಊರಿನವರೆಲ್ಲ ನಗುತ್ತಾರೆ ಎನ್ನುವುದು ಒಂದು. ಅದಕ್ಕಿಂತ ಹೆಚ್ಚಾಗಿ ಅಪ್ಪನಿಗೆ ಅವುಗಳ ಮೇಲೆ ಪ್ರೀತಿ ಬಂದುಬಿಟ್ಟಿತ್ತು. ನನಗೆ ನಿಜವಾದ ಜ್ವರ ಬಂದಾಗ ಹಣೆ ಮುಟ್ಟಿ ನೋಡದ ಮನುಷ್ಯ ತಟ್ಟೆ ತಟ್ಟೆಯ ಮುಂದೆ ಮಂಡಿಯೂರಿ ಬಗ್ಗಿ ನೋಡುತ್ತಿದ್ದ. ಈ ವಿಷಯದಲ್ಲಿ ನನಗೆ ಇವತ್ತಿಗೂ ಸ್ವಲ್ಪ ಸಿಟ್ಟಿದೆ.

“ಯಾವ್ದೋ ವಾಸ್ನೆ ಒಳ್ಗೆ ಬಂದದೆ” ಅಂದ ಅಪ್ಪ. ತನಿಖೆ ಶುರುವಾಯಿತು.

ಅಪ್ಪನ ಮೂಗು ದೊಡ್ಡದು, ಅವತ್ತು ಅದು ಇನ್ನೂ ದೊಡ್ಡದಾಗಿ ಕಂಡಿತು. ಮೊದಲು ನನ್ನನ್ನು ಮೂಸಿದ. ಸ್ಕೂಲಿಗೆಂದು ಅಮ್ಮನ ಡಬ್ಬಿಯಿಂದ ಕತ್ತಿಗೆಲ್ಲ ಪೌಡರು ಬಳಿದುಕೊಂಡಿದ್ದೆ. ಕಾವಲುಗಾರನೇ ಕಳ್ಳ ಎಂದು ನನ್ನದೇ ಬಕೆಟ್ಟಿನ ನೀರನ್ನು ನನ್ನ ತಲೆಯ ಮೇಲೆ ಸುರಿದ. ಒದ್ದೆ ಚಡ್ಡಿಯಲ್ಲಿ ನಿಂತು ನಾನು ನಡುಗುತ್ತಿದ್ದರೆ ಅಪ್ಪ ಆಗಲೇ ಅಜ್ಜಿಯ ಹತ್ತಿರ ಹೋಗಿದ್ದ. ಅಜ್ಜಿಯ ಸೊಂಟದ ಚೀಲದಲ್ಲಿ, ಎಲೆಯಡಿಕೆಯ ಕೆಳಗೆ, ಬಟ್ಟೆಯಲ್ಲಿ ಸುತ್ತಿಟ್ಟ ಕಡ್ಡಿಪುಡಿ ಸಿಕ್ಕಿತು. ಅದನ್ನು ಕಿತ್ತುಕೊಂಡು ಅವಳನ್ನು ಕೊಟ್ಟಿಗೆಗೆ ಕಳಿಸಿದ. ಅಜ್ಜಿ ಎಮ್ಮೆಯ ಪಕ್ಕ ಕೂತು, “ಇದ್ರುಗಿಂತ ನಾನೇ ನಾತವೇನ್ಲಾ?” ಎಂದು ಕೇಳಿದಳು. ಎಮ್ಮೆ ತಿರುಗಿ ನೋಡಿತು. ಅಕ್ಕನ ಜಡೆಯ ಕಾಕಡ ಹೂವು ತಿಪ್ಪೆಗೆ ಹೋಯಿತು.

ಅಷ್ಟೆಲ್ಲ ಮಾಡಿ ಅಪ್ಪ ಅಂಗಳದ ನಡುವೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತು, ಇನ್ನು ಯಾರು ಉಳಿದರು ಎಂದು ಸುತ್ತ ನೋಡಿದ. ಕೊಟ್ಟಿಗೆಯಿಂದ ಅಜ್ಜಿಯ ಧ್ವನಿ ಬಂತು. “ಲೇ, ನಿನ್ ಕಿವಿ ಮ್ಯಾಲಿರೋದು ಏನ್ಲಾ? ಅದೂ ಕಾಕಡ ಹೂವಾ?”

ಅಪ್ಪನ ಬಲಗಿವಿಯ ಮೇಲೆ ಒಂದು ಬೀಡಿ ಇತ್ತು. ಬೆಳಿಗ್ಗೆ ಸೊಪ್ಪು ಕೊಯ್ಯುವಾಗ ಸಿಕ್ಕಿಸಿಕೊಂಡದ್ದು, ಇಡೀ ತನಿಖೆಯಲ್ಲಿ ಅವನ ಜೊತೆಗೇ ಓಡಾಡಿತ್ತು. ಅಪ್ಪ ಅದನ್ನು ತೆಗೆದು ಯಾರದೋ ಬೀಡಿ ಎಂಬಂತೆ ನೋಡಿ ತಿಪ್ಪೆಗೆ ಎಸೆದ. ಸಂಜೆ ಅದೇ ತಿಪ್ಪೆಯಲ್ಲಿ ಕೋಲಿನಿಂದ ಕೆದಕುತ್ತಾ ನಿಂತಿದ್ದದ್ದನ್ನು ನಾನು ನೋಡಿದ್ದೇನೆ. ಗೊಬ್ಬರ ಕಳಿತಿದೆಯೋ ಇಲ್ಲವೋ ನೋಡುತ್ತಿದ್ದೆ ಅಂದ.

ಬೀಡಿ ಹೋದರೂ ಹುಳ ಏಳಲಿಲ್ಲ. ಆಗ ಅಕ್ಕ ಅಡುಗೆಕೋಣೆಯ ಬಾಗಿಲಿಗೆ ಬಂದು, ಯಾರಿಗೂ ಅಲ್ಲ ಎನ್ನುವ ಹಾಗೆ, “ಹೊಗೆ ಎತ್ಲಾಗ್ ಓಯ್ತದೆ ಅಂತ ಯಾರೂ ನೋಡ್ನಿಲ್ಲ” ಅಂದಳು.

ನಮ್ಮ ಅಡುಗೆಕೋಣೆಗೂ ನಡುಮನೆಗೂ ನಡುವಿನ ಗೋಡೆ ಸೂರಿನವರೆಗೆ ಇರಲಿಲ್ಲ. ಆಳೆತ್ತರಕ್ಕೆ ನಿಂತುಬಿಟ್ಟಿತ್ತು. ಮೇಲೆ ಹೆಂಚು ಎರಡಕ್ಕೂ ಒಂದೇ. ಅಪ್ಪ ತಲೆ ಎತ್ತಿ ನೋಡಿದ. ಒಲೆಯ ಹೊಗೆ ಗೋಡೆ ಹತ್ತಿ, ಆ ಕಡೆಗೆ ಇಳಿದು, ಯಾವ ಕಾವಲೂ ಇಲ್ಲದೆ, ಕಾಲೂ ತೊಳೆಯದೆ, ನಡುಮನೆಗೆ ಹೋಗುತ್ತಿತ್ತು.

ನಿಜವಾಗಿ ಎಷ್ಟು ಹೊಗೆ ಇದೆ ನೋಡೇಬಿಡುತ್ತೇನೆ ಎಂದು ಅಪ್ಪ ಅಡುಗೆಕೋಣೆಗೆ ಹೋಗಿ ಮಣೆ ಎಳೆದುಕೊಂಡು ಕೂತ. ಊಟಕ್ಕೆ ಜಗುಲಿಯಲ್ಲೇ ಕೂರುತ್ತಿದ್ದ ಅಪ್ಪ ಆ ಕೋಣೆಯಲ್ಲಿ ಕೂತದ್ದನ್ನು ನಾನು ಅದೇ ಮೊದಲು ಕಂಡದ್ದು. ಅಕ್ಕ ರಾಗಿಹಿಟ್ಟು ಸುರಿದು ಕೋಲಿನಿಂದ ತೊಳಸುತ್ತಿದ್ದಳು. ಹಿಟ್ಟು ಬೇಯುವ ಮುಂಚೆಯೇ ಅಪ್ಪ ಬೆಂದ. ಕೆಮ್ಮಿದ, ಮೂಗು ಸೀನಿದ, ಕೊನೆಗೆ ಹೆಗಲ ಮೇಲಿನ ಟವಲನ್ನು ಮುಖಕ್ಕೆ ಒತ್ತಿಕೊಂಡು ಬಾಗಿಲು ಯಾವ ಕಡೆ ಎಂದು ಗೋಡೆ ತಡವುತ್ತಾ ಹೊರಗೆ ಬಂದ. ಎರಡು ಕಣ್ಣೂ ಮೆಣಸಿನಹಣ್ಣಿನ ಹಾಗೆ ಕೆಂಪಾಗಿದ್ದವು. ಜಗುಲಿಯ ಕಂಬ ಹಿಡಿದುಕೊಂಡು ಸ್ವಲ್ಪ ಹೊತ್ತು ಉಸಿರಾಡಿ, ನಿಜವಾದ ಸಂಕಟದಿಂದ ಹೇಳಿದ, “ನನ್ ಗತಿಯೇ ಇಂಗಾದ್ರೆ, ಆ ಬಾಯಿಲ್ದಿರೋ ಉಳದ್ ಗತಿ ಏನು?”

ಅಕ್ಕ ಮುದ್ದೆ ಕಟ್ಟುತ್ತಿದ್ದವಳು ಒಂದು ಸಲ ಅವನ ಕಡೆ ನೋಡಿದಳು. ಆ ನೋಟ ನನಗೆ ಅವತ್ತು ಅರ್ಥವಾಗಲಿಲ್ಲ. ಅರ್ಥವಾಗುವ ಹೊತ್ತಿಗೆ ನಾನು ದೊಡ್ಡವನಾಗಿದ್ದೆ.

ಪ್ರತಿ ವಾರ ಮದ್ದೂರಿನಿಂದ ಸೈಕಲ್ಲಿನಲ್ಲಿ ಒಬ್ಬರು ಬಂದು ಹುಳ ನೋಡಿ ಹೋಗುತ್ತಿದ್ದರು. ಊರಿಗೆಲ್ಲ ಅವರು ಹುಳದ ಸಾಹೇಬರು. ಅವರು ಕೊಟ್ಟಿದ್ದ ಒಂದು ಅಚ್ಚಿನ ಕಾಗದ ದೇವರ ಗೂಡಿನಲ್ಲಿತ್ತು. ಅಪ್ಪನಿಗೆ ಓದು ಬಾರದು, ನಾನಿನ್ನೂ ಕಾಗುಣಿತದಲ್ಲಿದ್ದೆ. ಹಾಗಾಗಿ ಆ ಕಾಗದಕ್ಕೆ ಅಕ್ಕನೇ ಬಾಯಿ. “ಹೊಗೆ ಇಚಾರ್ದಲ್ಲಿ ಏನ್ ಬರ್ದವ್ರೆ ನೋಡವ್ವ” ಅಂದ ಅಪ್ಪ. ಅಕ್ಕ ಕೈ ತೊಳೆದು ಬಂದು, ಕಾಗದ ಬಿಡಿಸಿ, ಮೇಷ್ಟರ ಧಾಟಿಯಲ್ಲಿ ಓದಿದಳು. “ಹುಳು ಸಾಕುವ ಮನೆಯಲ್ಲಿ ಗಾಳಿ ಮತ್ತು ಬೆಳಕು ಚೆನ್ನಾಗಿ ಆಡಬೇಕು. ಹೊಗೆ ಸೇರದಂತೆ ಎಚ್ಚರ ವಹಿಸಬೇಕು.” ಮುಂದೆ ಇನ್ನೂ ಸಾಲುಗಳಿದ್ದವು. ಅವಳು ಕಾಗದ ಮಡಿಸಿದಳು.

ಅಪ್ಪ ಹಾರೆ ತಂದ. ಕುಸಿಯುವ ಗೋಡೆ, ನುಗ್ಗುವ ಕಳ್ಳ, ಮನೆಯ ಏಳಿಗೆ ಯಾವುದೂ ಅವನ ನೆನಪಿಗೆ ಬರಲಿಲ್ಲ. ಒಲೆಯ ಮೇಲಿನ ಹೊರಗೋಡೆಗೆ ನಾಲ್ಕು ಸಲ ಮೀಟಿದ. ಮಣ್ಣು ಧಪ್ಪೆಂದು ಹೊರಗೆ ಬಿತ್ತು, ಮೊರದಗಲ ಬಿಸಿಲು ಒಳಗೆ ಬಿತ್ತು. ಹೊಗೆ ಒಂದು ಕ್ಷಣ ನಂಬಲಾರದೆ ನಿಂತು, ಆಮೇಲೆ ದಾರಿ ಕಂಡ ದನದ ಹಾಗೆ ಸಾಲಾಗಿ ಹೊರಗೆ ಹೋಯಿತು.

ನಮ್ಮ ಅಡುಗೆಕೋಣೆಗೆ ನಾಲ್ಕು ಮೂಲೆ ಇದೆ ಎಂದು ನನಗೆ ಗೊತ್ತಾದದ್ದು ಅವತ್ತು. ಒಂದು ಮೂಲೆಯಲ್ಲಿ, ಒರಳುಕಲ್ಲಿನ ಹಿಂದೆ, ಎರಡು ವರ್ಷದ ಹಿಂದೆ ಕಳೆದುಹೋಗಿದ್ದ ಹಿತ್ತಾಳೆ ಚೊಂಬು ಕೂತಿತ್ತು. ಅದನ್ನು ಪಕ್ಕದ ಮನೆಯವರೇ ಕದ್ದರು ಎಂದು ಅಪ್ಪ ಅವರ ಜೊತೆ ಎರಡು ವರ್ಷದಿಂದ ಮಾತು ಬಿಟ್ಟಿದ್ದ. ಈಗ ಚೊಂಬನ್ನು ಎಲ್ಲರೂ ನೋಡಿದೆವು, ಅಪ್ಪ ಹಾರೆಗೆ ಅಂಟಿದ ಮಣ್ಣು ಒರೆಸತೊಡಗಿದ. ಅಜ್ಜಿ ಮಾತ್ರ ಕೊಟ್ಟಿಗೆಯಿಂದ ಎದ್ದು ಬಂದು, ಎರಡು ಅಚ್ಚು ಬೆಲ್ಲ ಸೆರಗಿಗೆ ಕಟ್ಟಿಕೊಂಡು ಪಕ್ಕದ ಮನೆಗೆ ಹೋದಳು.

ಮಧ್ಯಾಹ್ನ ಸಾಹೇಬರು ಬಂದರು. ಕಾಲು ತೊಳೆದು ಒಳಗೆ ಹೋಗಿ, ತಟ್ಟೆಯ ಮೇಲೆ ಬಗ್ಗಿ ನೋಡಿ, ನಕ್ಕರು. “ಇವಕ್ಕೆ ಏನೂ ಆಗಿಲ್ಲ ಯಜಮಾನ್ರೆ. ಇನ್ನೂ ಜ್ವರದಲ್ಲೇ ಇವೆ. ನಾಲ್ಕನೇದು ಮಿಕ್ಕಿದ್ದಕ್ಕಿಂತ ಉದ್ದ. ಸಾಯಂಕಾಲಕ್ಕೆ ತಾವೇ ಏಳ್ತವೆ. ನಾನು ಕೊಟ್ಟ ಕಾಗದದಲ್ಲೇ ಬರೆದಿದೆಯಲ್ಲ, ಓದ್ಸಲಿಲ್ವಾ?”

ಅಪ್ಪ ನಿಧಾನವಾಗಿ ಅಕ್ಕನ ಕಡೆ ತಿರುಗಿದ. ಅಕ್ಕ ಪಾತ್ರೆ ಬೆಳಗಲು ಹಿತ್ತಿಲಿಗೆ ಹೋದಳು. ಆ ಹೊತ್ತಿನಲ್ಲಿ ಅವಳು ಪಾತ್ರೆ ಬೆಳಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಸಾಹೇಬರು ಹೇಳಿದ ಹಾಗೇ ದೀಪ ಹಚ್ಚುವ ಹೊತ್ತಿಗೆ ಹುಳ ಎದ್ದವು. ಸೊಪ್ಪು ಹಾಕಿದ್ದೇ ತಡ, ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಇಡೀ ನಡುಮನೆ ಸರಸರ ಎನ್ನತೊಡಗಿತು. ಎಲ್ಲರಿಗೂ ಖುಷಿಯಾಗಬೇಕಿತ್ತು. ಆದರೆ ಅಪ್ಪ ಅಂಗಳದಲ್ಲಿ ಮಣ್ಣು ಕಲಸುತ್ತಿದ್ದ. “ಮುಚ್ಚಾಕ್ಬುಡ್ಲಾ ಆ ತೂತ, ಬೆಕ್ಕು ನುಗ್ತದೆ” ಎಂದು ಅಜ್ಜಿ ಬೇರೆ ಅಂದಳು. ಕಡ್ಡಿಪುಡಿ ಕಳೆದುಕೊಂಡ ಸಿಟ್ಟು ಅವಳಿಗೆ. ಅಕ್ಕ ಒಲೆಯ ಮುಂದೆ ಕೂತು ಆ ಮಣ್ಣನ್ನೇ ನೋಡುತ್ತಿದ್ದಳು. ಅವಳು ಊದುಕೊಳವೆಯನ್ನು ಹಿಡಿದಿದ್ದ ಕೈ ಬಿಗಿಯಾದದ್ದು ನನಗೆ ಕಂಡಿತು, ಏಕೆಂದರೆ ಈಗ ಆ ಕೋಣೆಯಲ್ಲಿ ಎಲ್ಲವೂ ಕಾಣುತ್ತಿತ್ತು. ನನಗೆ ಅಳು ಬರುವಂತಾಯಿತು.

ಅಪ್ಪ ಮಣ್ಣಿನ ಮಂಕರಿ ಹೊತ್ತು ಒಳಗೆ ಬಂದ. ತೂತಿನ ಮುಂದೆ ನಿಂತು, ಅಕ್ಕನ ಮುಖ ನೋಡದೆ ಕೇಳಿದ.

“ಆ ಕಾಗ್ದದಲ್ಲಿ ನಾಕ್ನೇ ಜ್ವರದ್ದು ಬರ್ದಿತ್ತೇನವ್ವ?”

“ಬರ್ದಿತ್ತು.”

“ಮತ್ಯಾಕೆ ಓದ್ನಿಲ್ಲ?”

ಅಕ್ಕ ಒಲೆಗೆ ಒಂದು ತೆಂಗಿನ ಮಟ್ಟೆ ತಳ್ಳಿದಳು. ಆಮೇಲೆ, “ಹೊಗೇಲಿ ಕಣ್ ಕಾಣ್ನಿಲ್ಲ ಕಣಪ್ಪ” ಅಂದಳು.

ಅಪ್ಪ ಗದರಲಿಲ್ಲ. ನಗಲೂ ಇಲ್ಲ. ಬೆಳಿಗ್ಗೆ ತಾನು ಕೂತಿದ್ದ ಮಣೆಯನ್ನು ನೋಡಿದ, ಒಲೆಯನ್ನು ನೋಡಿದ, ತೊಟ್ಟಿಲು ಕಟ್ಟುವ ತೊಲೆಯನ್ನು ನೋಡಿದ. ನಂತರ ಮಂಕರಿಗೆ ಕೈ ಹಾಕಿ ಮಣ್ಣು ತೆಗೆದು, ತೂತು ಮುಚ್ಚುವ ಬದಲು ಅದರ ಅಂಚಿಗೆ ಹಚ್ಚತೊಡಗಿದ. ಒದ್ದೆ ಕೈಯಿಂದ ಸುತ್ತಲೂ ನೀವಿ ನುಣ್ಣಗೆ ಮಾಡಿದ. ಮುರಿದ ಒಂದು ಹುಳದ ತಟ್ಟೆ ಮೂಲೆಯಲ್ಲಿ ಬಿದ್ದಿತ್ತು. ಅದರ ಬಿದಿರಿನ ಹೆಣಿಗೆಯನ್ನು ಕತ್ತರಿಸಿ ಬೆಕ್ಕು ಬಾರದ ಹಾಗೆ ಅಡ್ಡ ಕೂರಿಸಿದ. ಹೊರಡುವಾಗ, “ಉಳ ಇದ್ರೂ ಬೇಕು, ಇಲ್ದಿದ್ರೂ ಬೇಕು ಬುಡು” ಅಂದ. ಅಷ್ಟು ಹೇಳುವುದಕ್ಕೆ ಅವನಿಗೆ ಗೋಡೆ ಒಡೆದದ್ದಕ್ಕಿಂತ ಹೆಚ್ಚು ಕಷ್ಟವಾದ ಹಾಗೆ ಕಂಡಿತು.

ಎರಡು ವಾರದ ಮೇಲೆ ಅಮ್ಮ ಕೂಸನ್ನು ಎತ್ತಿಕೊಂಡು ಬಂದವಳು ಅಡುಗೆಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು. ಬೇರೆಯವರ ಮನೆಗೆ ಬಂದೆನೇನೋ ಎಂದು ಹಿಂದೆ ತಿರುಗಿ ಜಗುಲಿ ನೋಡಿದಳು. “ಉಳಕ್ಕೆ ಮಾಡಿದ್ದು” ಅಂದ ಅಪ್ಪ. ಅಕ್ಕ ಅವತ್ತು ನಕ್ಕ ನಗು ಇನ್ನೂ ನನ್ನ ಕಣ್ಣ ಮುಂದಿದೆ. ತೊಟ್ಟಿಲಲ್ಲಿದ್ದ ಆ ಕೂಸು, ನನ್ನ ತಂಗಿ, ಅತ್ತಿತು, ಕಿರುಚಿತು, ಊರನ್ನೇ ಎಬ್ಬಿಸಿತು. ಕೆಮ್ಮಲಿಲ್ಲ.

ಈಗ ನಾನು ಮಂಡ್ಯದಲ್ಲಿ ಮಗನ ಮನೆಯಲ್ಲಿದ್ದೇನೆ. ಗದ್ದೆಗಳಲ್ಲಿ ಕಬ್ಬಿನ ತರಗು ಸುಡುವ ಕಾಲಕ್ಕೆ ಕೆಮ್ಮು ಬರುತ್ತದೆ ಎಂದು ಹಾಲ್‌ನಲ್ಲಿ, ಟೀವಿಯ ಪಕ್ಕ, ಗಾಳಿ ಶುದ್ಧ ಮಾಡುವ ಯಂತ್ರ ತಂದಿಟ್ಟಿದ್ದಾರೆ. ಗಾಳಿ ಚೆನ್ನಾಗಿದ್ದರೆ ಹಸಿರು ದೀಪ, ಕೆಟ್ಟರೆ ಕೆಂಪು. ಮೊಮ್ಮಗಳು, ಮೊಮ್ಮಗ ಇಬ್ಬರೂ ಆ ದೀಪದ ಕಾವಲುಗಾರರು. ನಾನು ನಶ್ಯದ ಡಬ್ಬಿ ತೆಗೆದರೆ ಸಾಕು, ನಮ್ಮಪ್ಪನ ಹಾಗೆ ಮೂಗು ಅರಳಿಸಿಕೊಂಡು ಬರುತ್ತಾರೆ. “ತಾತ, ಆಚೆ ಹೋಗು” ಎನ್ನುತ್ತಾರೆ. ಅಜ್ಜಿ ಎಮ್ಮೆಯ ಪಕ್ಕ ಕೂತಳು, ನಾನು ಲಿಫ್ಟಿನ ಪಕ್ಕ ಕೂರುತ್ತೇನೆ.

ಮೊನ್ನೆ ಅವರಿಗೆ ಈ ಕಥೆ ಹೇಳಿದೆ. ಮೊಮ್ಮಗಳು ಹಾರೆಯ ಜಾಗಕ್ಕೆ ಬಂದಾಗ ಚಪ್ಪಾಳೆ ತಟ್ಟಿದಳು. ಕಥೆ ಮುಗಿಯಿತು. ಆಗ ಅಡುಗೆಮನೆಯಿಂದ ಸೊಸೆ ಕೆಮ್ಮುವುದು ಕೇಳಿಸಿತು. ಕಾಲೇಜಿನಲ್ಲಿ ಪಾಠ ಮಾಡಿ ಬಂದು ಒಣಮೆಣಸಿನಕಾಯಿ ಹುರಿಯುತ್ತಿದ್ದಳು. ಹಾಲ್‌ಗೆ ವಾಸನೆ ಬಾರದಿರಲಿ ಎಂದು ಅಡುಗೆಮನೆಯ ಬಾಗಿಲು ಮುಚ್ಚಿಕೊಂಡಿದ್ದಳು. ದಿನಾ ಮುಚ್ಚಿಕೊಳ್ಳುತ್ತಾಳೆ. ದಿನಾ ಕೆಮ್ಮುತ್ತಾಳೆ. ನಮ್ಮ ದೀಪ ಹಸಿರಾಗಿಯೇ ಇತ್ತು.

ಮೊಮ್ಮಗಳು ನನ್ನ ಮುಖ ನೋಡಿದಳು. ಥೇಟು ಅಕ್ಕನ ನೋಟ. ಆಮೇಲೆ ಎದ್ದು ಯಂತ್ರದ ಪ್ಲಗ್ಗು ಕಿತ್ತು, ತಮ್ಮನ ಕೈಲಿ ಒಂದು ಕಡೆ ಹಿಡಿಸಿ, ಅದನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ಅಲ್ಲಿ ಹಚ್ಚಿದ ತಕ್ಷಣ ದೀಪ ಕೆಂಪಾಯಿತು. ಅಷ್ಟು ಕೆಂಪು ದೀಪವನ್ನು ನಾವು ಯಾರೂ ನೋಡಿರಲಿಲ್ಲ.

ನಾನೂ ಅವರ ಹಿಂದೆ ಹೋದೆ. ಅಡುಗೆಮನೆಯಲ್ಲಿ ಒಂದು ಕಿಟಕಿ ಇದೆ. ಅದರ ಮುಂದೆ ಸಾಲಾಗಿ ಡಬ್ಬಗಳಿದ್ದವು, ರಾಗಿಹಿಟ್ಟಿನ ದೊಡ್ಡ ಡಬ್ಬವೂ ಸೇರಿ. ಅದನ್ನು ಅಲ್ಲಿಟ್ಟವನು ನಾನೇ. ಒಂದೊಂದಾಗಿ ಕೆಳಗಿಳಿಸಿದೆ. ಇಷ್ಟು ದಿನ ಹಸಿರು ದೀಪದ ಪಕ್ಕ ಹಾಯಾಗಿ ಕೂತಿದ್ದವನು ನಮ್ಮಪ್ಪನ ಮಗನೇ ಅಲ್ಲವೇ. ಸೊಸೆ ಕಣ್ಣು ಒರೆಸಿಕೊಂಡು, “ಏನ್ ಮಾವ ಇದು, ಎಲ್ಲರೂ ಒಳಗೆ ಬಂದ್ರಿ?” ಅಂದಳು. ನಾನು ಕಿಟಕಿಯ ಚಿಲಕ ತೆಗೆದೆ. ಅದು ಕಿರ್ರೋ ಎಂದಿತು.